ಗಿಟ್‌ಗೆ ಕೊಟ್ಟ ಎಸ್‌ಎಸ್‌ಎಚ್ ಕಮಾಂಡ್ ಕೆಲ್ಸ ಮಾಡ್ತಿಲ್ವಾ? ಕೀ ಮುಟ್ಟೋಕೆ ಮುಂಚೆ ಇದನ್ನ ನೋಡಿ

ಗಿಟ್ ಪುಷ್ ಕೊಡ್ತೀರಾ, "ಪರ್ಮಿಷನ್ ಡಿನೈಡ್, ಪಬ್ಲಿಕ್‌ಕೀ" ಅಂತ ಒಂದು ಸಾಲು, ಅದ್ರ ಕೆಳಗೆ "ಕುಡ್ ನಾಟ್ ರೀಡ್ ಫ್ರಂ ರಿಮೋಟ್ ರೆಪಾಸಿಟರಿ" ಅಂತ ಇನ್ನೊಂದು, ಅಷ್ಟೇ, ಅದಕ್ಕಿಂತ ಜಾಸ್ತಿ ಏನೂ ಹೇಳಲ್ಲ. ಆಗ ಹೆಚ್ಚಿನವ್ರು ಮಾಡೋ ಮೊದಲ್ನೇ ಕೆಲ್ಸ ಹೊಸ ಕೀ (ಸರ್ವರ್ ಜೊತೆ ಸುರಕ್ಷಿತವಾಗಿ ಮಾತಾಡೋ ಎಸ್‌ಎಸ್‌ಎಚ್ ಪ್ರೋಗ್ರಾಂ ನಿಮ್ಮ ಗುರುತು ತೋರ್ಸೋಕೆ ಬಳಸೋ ಫೈಲ್) ಜನರೇಟ್ ಮಾಡಿ ಸರ್ವರ್‌ಗೆ ಹಾಕೋದು, ಅದ್ರಿಂದ್ಲೂ ಆಗ್ಲಿಲ್ಲ ಅಂದ್ರೆ ಮತ್ತೊಂದು ಕೀ, ಕೊನೆಗೆ ಡಾಟ್ ಎಸ್‌ಎಸ್‌ಎಚ್ ಫೋಲ್ಡರ್ ತುಂಬಾ ಯಾವ್ದು ಯಾತಕ್ಕೆ ಅಂತಾನೇ ಗೊತ್ತಿಲ್ಲದ ಆರೇಳು ಕೀಗಳು, ತೊಂದ್ರೆ ಮಾತ್ರ ಇದ್ದಲ್ಲೇ ಇದೆ. ದಯವಿಟ್ಟು ಕೀಗೆ ಕೈ ಹಾಕ್ಬೇಡಿ, ಮೊದ್ಲು ಗಿಟ್ ನಿಜವಾಗ್ಲೂ ಯಾವ ಕಮಾಂಡ್ ಓಡಿಸ್ತಿದೆ ಅಂತ ಕಣ್ಣಾರೆ ನೋಡಿ. ಯಾವ ಎಸ್‌ಎಸ್‌ಎಚ್ ಕಮಾಂಡ್ ಓಡಿಸ್ಬೇಕು ಅಂತ ಗಿಟ್‌ಗೆ ಹೇಳೋ ಕೋರ್.ಎಸ್‌ಎಸ್‌ಎಚ್‌ಕಮಾಂಡ್ ಸೆಟ್ಟಿಂಗ್ ಹಾಕಿದ್ಮೇಲೆ ಬರೋ ತೊಂದ್ರೆಗಳಲ್ಲಿ ನಾನು ನೋಡಿದ ಮುಕ್ಕಾಲು ಪಾಲು ಅಲ್ಲೇ ಬಗೆಹರಿದಿವೆ.

ಒಂದು ಮಾತು ಮೊದಲೇ ಹೇಳ್ಬಿಡ್ತೀನಿ, ಇಲ್ಲಿ ಕಮಾಂಡ್‌ಗಳನ್ನೂ ಕನ್ನಡ ಅಕ್ಷರದಲ್ಲೇ ಬರೀತಿದೀನಿ, ಟರ್ಮಿನಲ್‌ನಲ್ಲಿ ಟೈಪ್ ಮಾಡೋವಾಗ ಅದೇ ಹೆಸರನ್ನ ಇಂಗ್ಲಿಷ್ ಅಕ್ಷರದಲ್ಲಿ ಹಾಕ್ಕೊಳಿ. ಗಿಟ್_, ಎಸ್‌ಎಸ್‌ಎಚ್_, ಎಸ್‌ವಿಎನ್_ ಅಂತ ಶುರುವಾಗೋ ಎನ್ವಿರಾನ್ಮೆಂಟ್ ವೇರಿಯಬಲ್‌ಗಳೆಲ್ಲ ಕ್ಯಾಪಿಟಲ್ ಅಕ್ಷರ, ಮಿಕ್ಕಿದ್ದೆಲ್ಲ ಸಣ್ಣ ಅಕ್ಷರ, ದೊಡ್ಡದು ಬೇಕಾದ ಕಡೆ ಅಲ್ಲಲ್ಲೇ ಹೇಳ್ತೀನಿ.

ಟರ್ಮಿನಲ್‌ನ ಎಸ್‌ಎಸ್‌ಎಚ್ ಬೇರೆ, ಗಿಟ್ ಕರೆಯೋ ಎಸ್‌ಎಸ್‌ಎಚ್ ಬೇರೆ

ಎಲ್ಲರೂ ಎಡವೋ ಜಾಗ ಇದು. "ಎಸ್‌ಎಸ್‌ಎಚ್ -ಟಿ ಗಿಟ್@ಸರ್ವರ್" ಅಂತ ದೊಡ್ಡ ಟಿ ಹಾಕಿ ಟೆಸ್ಟ್ ಮಾಡ್ತಾರೆ, ಸರ್ವರ್ ಚೆನ್ನಾಗಿ ಹೆಸರು ಹಿಡಿದು ಮಾತಾಡ್ಸತ್ತೆ, ಆದ್ರೆ ಪುಷ್ ಮಾತ್ರ ಆಗಲ್ಲ, ತಲೆ ಕೆಡತ್ತೆ. ಆದ್ರೆ ಆ ಟೆಸ್ಟ್‌ಗೂ ಗಿಟ್‌ಗೂ ಸಂಬಂಧಾನೇ ಇಲ್ಲ. ನೀವು ಕೈಯಲ್ಲಿ ಎಸ್‌ಎಸ್‌ಎಚ್ ಅಂತ ಹೊಡೆದಾಗ ನಿಮ್ಮ ಪಾಥ್‌ನಲ್ಲಿ ಮೊದ್ಲು ಸಿಗೋ ಎಸ್‌ಎಸ್‌ಎಚ್ ಓಡತ್ತೆ, ಗಿಟ್ ತನ್ನ ಸೆಟ್ಟಿಂಗ್ ನೋಡ್ಕೊಂಡು ಬೇರೆ ಪ್ರೋಗ್ರಾಂ, ಬೇರೆ ಕೀ, ಬೇರೆ ಕಾನ್ಫಿಗ್ ಫೈಲ್ ಇಟ್ಕೊಂಡು ಓಡ್ಸಬಹುದು. ಹಾಗಾಗಿ ಟೆಸ್ಟ್ ಮಾಡೋದಾದ್ರೆ ಗಿಟ್ ಕೈಲೇ ಮಾಡ್ಸಿ:

ಗಿಟ್_ಟ್ರೇಸ್=1 ಗಿಟ್ ಎಲ್‌ಎಸ್-ರಿಮೋಟ್ ಒರಿಜಿನ್

ಎಲ್‌ಎಸ್-ರಿಮೋಟ್ ಯಾಕಂದ್ರೆ ಅದು ಆ ಕಡೆ ಇರೋ ಬ್ರಾಂಚ್ ಟ್ಯಾಗ್ ಪಟ್ಟಿ ಓದ್ಕೊಂಡು ಬರತ್ತೆ, ಏನನ್ನೂ ಬದಲಾಯಿಸಲ್ಲ, ಹತ್ತು ಸಲ ಓಡ್ಸಿದ್ರೂ ಭಯ ಇಲ್ಲ. ಪವರ್‌ಶೆಲ್‌ನಲ್ಲಿ ವೇರಿಯಬಲ್‌ನ ಹೀಗೆ ಮುಂದೆ ಅಂಟಿಸೋಕಾಗಲ್ಲ, ಮೊದ್ಲು $ಎನ್ವ್:ಗಿಟ್_ಟ್ರೇಸ್=1 ಅಂತ ಒಂದು ಸಾಲು, ಆಮೇಲೆ ಕಮಾಂಡ್.

ಇದ್ರ ಔಟ್‌ಪುಟ್‌ನಲ್ಲಿ ರನ್_ಕಮಾಂಡ್ ಅಥವಾ ಸ್ಟಾರ್ಟ್_ಕಮಾಂಡ್ ಅಂತ ಶುರುವಾಗೋ ಸಾಲು ಹುಡುಕಿ. ಅಲ್ಲಿ ಎಸ್‌ಎಸ್‌ಎಚ್‌ಗೆ ಕೊಟ್ಟಿರೋ ಎಲ್ಲಾ ಆಪ್ಷನ್ನೂ, ಯೂಸರ್@ಹೋಸ್ಟ್, ಕೊನೆಗೆ ಕೋಟ್ ಒಳಗೆ ಗಿಟ್-ಅಪ್‌ಲೋಡ್-ಪ್ಯಾಕ್ ಅಂತ ಇರತ್ತೆ, ಪುಷ್ ಆದ್ರೆ ಗಿಟ್-ರಿಸೀವ್-ಪ್ಯಾಕ್. ನೀವು ಕಸ್ಟಮ್ ಕಮಾಂಡ್ ಕೊಟ್ಟಿದ್ರೆ ಅದು ಸಾಮಾನ್ಯವಾಗಿ ಶೆಲ್ ಮೂಲಕ ಹೋಗತ್ತೆ, ಅಂದ್ರೆ ನಿಮ್ಮ ಸ್ಟ್ರಿಂಗ್‌ನ ಹಿಂದೆ "$@" ಅಂಟಿಸಿ ಶೆಲ್ ಕೈಗೆ ಕೊಡತ್ತೆ, ಟ್ರೇಸ್‌ನಲ್ಲಿ ಇದು ಹಾಗೇ ಕಾಣತ್ತೆ. ಈ ಒಂದು ವಿಷ್ಯ ತಲೇಲಿ ಇಟ್ಕೊಂಡ್ರೆ ಮುಂದೆ ಬರೋ ಕೋಟ್ ಗಲಾಟೆ ಅರ್ಧ ಅರ್ಥ ಆದ ಹಾಗೆ.

ಆ ಸಾಲಲ್ಲಿ ಎಸ್‌ಎಸ್‌ಎಚ್ ಅನ್ನೋ ಪದಾನೇ ಕಾಣದೆ ರಿಮೋಟ್-ಎಚ್‌ಟಿಟಿಪಿಎಸ್ ಅಂತ ಇದ್ಯಾ? ಹಾಗಾದ್ರೆ ನಿಮ್ಮ ರಿಮೋಟ್ ಯುಆರ್‌ಎಲ್ ಎಚ್‌ಟಿಟಿಪಿಎಸ್, ಅದಕ್ಕೆ ಎಸ್‌ಎಸ್‌ಎಚ್ ಸೆಟ್ಟಿಂಗ್ ಯಾವ್ದೂ ತಟ್ಟಲ್ಲ. ಗಿಟ್ ರಿಮೋಟ್ -ವಿ ಹೊಡೆದು ನೋಡಿ, ಫೆಚ್‌ಗೆ ಒಂದು ಪುಷ್‌ಗೆ ಇನ್ನೊಂದು ಯುಆರ್‌ಎಲ್ ಇರೋದೂ ಉಂಟು, ಯುಆರ್‌ಎಲ್.ಇನ್‌ಸ್ಟೆಡ್‌ಆಫ್ ಅಂತ ಗ್ಲೋಬಲ್ ಕಾನ್ಫಿಗ್‌ನಲ್ಲಿ ಯಾವಾಗ್ಲೋ ಹಾಕಿ ಮರೆತಿದ್ರೆ ಅದೂ ಸದ್ದಿಲ್ದೆ ಯುಆರ್‌ಎಲ್ ಬದಲಾಯಿಸತ್ತೆ.

ಯಾವ ಸೆಟ್ಟಿಂಗ್ ಗೆಲ್ಲತ್ತೆ

ಎಸ್‌ಎಸ್‌ಎಚ್ ಕಮಾಂಡ್ ಹೇಳೋಕೆ ಗಿಟ್‌ನಲ್ಲಿ ಮೂರು ಜಾಗ ಇದೆ. ಎಲ್ಲಕ್ಕಿಂತ ಹಳೇದು ಗಿಟ್_ಎಸ್‌ಎಸ್‌ಎಚ್ ಅನ್ನೋ ಎನ್ವಿರಾನ್ಮೆಂಟ್ ವೇರಿಯಬಲ್, ಅದ್ರಲ್ಲಿ ಪ್ರೋಗ್ರಾಂ ಹೆಸರು ಮಾತ್ರ ಹಾಕ್ಬೇಕು, ಆಪ್ಷನ್ ಹಾಕೋ ಹಾಗಿಲ್ಲ. 2015ರಲ್ಲಿ ಗಿಟ್ 2.3 ಬಂದಾಗ ಗಿಟ್_ಎಸ್‌ಎಸ್‌ಎಚ್_ಕಮಾಂಡ್ ಬಂತು, ಇದ್ರಲ್ಲಿ ಆಪ್ಷನ್ ಎಲ್ಲಾ ಸೇರಿಸಿ ಪೂರ್ತಿ ಕಮಾಂಡ್ ಬರೀಬಹುದು. 2016ರಲ್ಲಿ 2.10ರ ಜೊತೆ ಕೋರ್.ಎಸ್‌ಎಸ್‌ಎಚ್‌ಕಮಾಂಡ್ ಬಂತು, ಅದು ಕಾನ್ಫಿಗ್ ಫೈಲ್‌ನಲ್ಲಿ ಕೂರತ್ತೆ, ಹಾಗಾಗಿ ರೆಪೋ ರೆಪೋಗೂ ಬೇರೆ ಬೇರೆ ಇಡಬಹುದು.

ಮೂರೂ ಇದ್ರೆ ಗಿಟ್_ಎಸ್‌ಎಸ್‌ಎಚ್_ಕಮಾಂಡ್ ಗೆಲ್ಲತ್ತೆ, ಅದಿಲ್ಲ ಅಂದ್ರೆ ಕೋರ್.ಎಸ್‌ಎಸ್‌ಎಚ್‌ಕಮಾಂಡ್, ಅದೂ ಇಲ್ಲ ಅಂದ್ರೆ ಗಿಟ್_ಎಸ್‌ಎಸ್‌ಎಚ್, ಯಾವ್ದೂ ಇಲ್ಲ ಅಂದ್ರೆ ಬರೀ ಎಸ್‌ಎಸ್‌ಎಚ್. ಈ ಕ್ರಮ ಗೊತ್ತಿಲ್ದೆ ನಾವು ಮೂರು ಜನ ಅರ್ಧ ದಿನ ಕಳ್ಕೊಂಡಿದೀವಿ. ಒಂದು ಬಿಲ್ಡ್ ಮಷಿನ್, ಪುಲ್ ಆಗ್ತಿಲ್ಲ, ರೆಪೋ ಒಳಗೆ ಕೋರ್.ಎಸ್‌ಎಸ್‌ಎಚ್‌ಕಮಾಂಡ್ ಸರಿಯಾಗೇ ಇದೆ, ಕೀ ಸರ್ವರ್‌ನಲ್ಲಿದೆ, ಕೀ ಬದಲಾಯಿಸಿದ್ವಿ, ಎಸ್‌ಎಸ್‌ಎಚ್ ಕಾನ್ಫಿಗ್ ಬರೆದ್ವಿ, ಊಹೂಂ. ಕೊನೆಗೆ ಟ್ರೇಸ್ ಹಾಕಿದ್ರೆ ನಾವ್ಯಾರೂ ಬರೆಯದೇ ಇರೋ ಒಂದು ಕೀ ಪಾಥ್ ಅಲ್ಲಿ ಕಾಣ್ತು. ಬ್ಯಾಶ್‌ಆರ್‌ಸಿ ಫೈಲ್‌ನ (ಬ್ಯಾಶ್ ಶೆಲ್ ತೆರೆದಾಗ ಓದೋ ಫೈಲ್) ತೀರಾ ಕೆಳಗೆ ಯಾರೋ ಯಾವತ್ತೋ ಹಳೇ ಪ್ರಾಜೆಕ್ಟ್‌ಗೆ ಅಂತ ಎಕ್ಸ್‌ಪೋರ್ಟ್ ಮಾಡಿಟ್ಟ ಗಿಟ್_ಎಸ್‌ಎಸ್‌ಎಚ್_ಕಮಾಂಡ್ ಇತ್ತು, ಅದ್ರಲ್ಲಿ ಐಡೆಂಟಿಟೀಸ್‌ಓನ್ಲಿ=ಯೆಸ್ (ಹೇಳಿದ ಕೀ ಬಿಟ್ಟು ಬೇರೆ ಬೇಡ) ಕೂಡ ಇತ್ತು, ದೊಡ್ಡ ಎಫ್‌ನ -ಎಫ್ /ಡೆವ್/ನಲ್ (ಎಸ್‌ಎಸ್‌ಎಚ್ ಕಾನ್ಫಿಗ್ ಓದ್ಬೇಡ) ಕೂಡ ಇತ್ತು, ಅಂದ್ಮೇಲೆ ನಾವು ಎಷ್ಟು ಕೀ ಮಾಡಿದ್ರೂ ಎಷ್ಟು ಕಾನ್ಫಿಗ್ ಬರೆದ್ರೂ ಅದು ತಿರುಗಿ ನೋಡೋ ಹಾಗೇ ಇರ್ಲಿಲ್ಲ. ಒಂದು ಸಾಲು ಅಳಿಸಿದ್ವಿ, ಹೊಸ ಶೆಲ್ ತೆಗೆದ್ವಿ, ಪುಲ್ ಆಯ್ತು.

ಹಾಗಾಗಿ ಮೊದ್ಲು ಎನ್ವ್ ಔಟ್‌ಪುಟ್‌ನಲ್ಲಿ ಗಿಟ್_ಎಸ್‌ಎಸ್‌ಎಚ್ ಅಂತ ಗ್ರೆಪ್ ಮಾಡಿ ನೋಡಿ. ವಿಂಡೋಸ್‌ನಲ್ಲಿ ಸಿಸ್ಟಮ್ ಎನ್ವಿರಾನ್ಮೆಂಟ್ ವೇರಿಯಬಲ್ಸ್ ಕಿಟಕೀಲೂ ನೋಡಿ, ಯಾಕಂದ್ರೆ ಗಿಟ್ ಇನ್‌ಸ್ಟಾಲ್ ಮಾಡೋವಾಗ ಪ್ಲಿಂಕ್ (ಪುಟ್ಟಿ ಜೊತೆ ಬರೋ ಎಸ್‌ಎಸ್‌ಎಚ್ ಪ್ರೋಗ್ರಾಂ) ಆರಿಸಿದ್ರೆ ಇನ್‌ಸ್ಟಾಲರ್ರೇ ಗಿಟ್_ಎಸ್‌ಎಸ್‌ಎಚ್ ಸೆಟ್ ಮಾಡಿಟ್ಟಿರತ್ತೆ. ಆಮೇಲೆ ಇದು:

ಗಿಟ್ ಕಾನ್ಫಿಗ್ --ಶೋ-ಒರಿಜಿನ್ --ಗೆಟ್-ಆಲ್ ಕೋರ್.ಎಸ್‌ಎಸ್‌ಎಚ್‌ಕಮಾಂಡ್

ಈ ಸೆಟ್ಟಿಂಗ್ ಯಾವ್ಯಾವ ಫೈಲ್‌ನಲ್ಲಿ ಕೂತಿದೆ ಅಂತ ಫೈಲ್ ಹೆಸರಿನ ಸಮೇತ ಹೇಳತ್ತೆ, ಎರಡು ಮೂರು ಸಾಲು ಬಂದ್ರೆ ಕೊನೇ ಸಾಲೇ ಗೆಲ್ಲೋದು. ಬೇಡದ್ದನ್ನ ತೆಗೆಯೋಕೆ --ಅನ್‌ಸೆಟ್-ಆಲ್, ಗ್ಲೋಬಲ್‌ನಲ್ಲಿದ್ರೆ --ಗ್ಲೋಬಲ್ ಸೇರಿಸ್ಬೇಕು, ಇಲ್ಲಾಂದ್ರೆ ರೆಪೋ ಫೈಲ್‌ನಲ್ಲಿ ಮಾತ್ರ ಹುಡುಕಿ ಸುಮ್ನಾಗತ್ತೆ. ಸಿಐ ರನ್ನರ್‌ಗಳಲ್ಲಿ (ಕೋಡ್‌ನ ತಾನಾಗೇ ಬಿಲ್ಡ್, ಟೆಸ್ಟ್ ಮಾಡೋ ಮಷಿನ್‌ಗಳು) ಇನ್ನೊಂದು ಆಗತ್ತೆ, ಚೆಕ್‌ಔಟ್ ಮಾಡೋ ಸ್ಟೆಪ್ ತಾನೇ ಒಂದು ತಾತ್ಕಾಲಿಕ ಕೀ ಫೈಲ್ ಬರೆದು ರೆಪೋ ಕಾನ್ಫಿಗ್‌ನಲ್ಲಿ ಕೋರ್.ಎಸ್‌ಎಸ್‌ಎಚ್‌ಕಮಾಂಡ್ ಹಾಕತ್ತೆ, ಕ್ಲೀನಪ್ ಪೂರ್ತಿ ಆಗದೆ ಜಾಬ್ ಸತ್ರೆ ಕೀ ಹೋಗಿರತ್ತೆ ಸೆಟ್ಟಿಂಗ್ ಉಳಿದಿರತ್ತೆ, ಮುಂದಿನ ಜಾಬ್‌ಗೆ ಅದೇ ಕಾಲಿಗೆ ತೊಡರತ್ತೆ.

ಕ್ಲೋನ್ ಆಗತ್ತೆ ಪುಲ್ ಆಗಲ್ಲ ಅನ್ನೋದೂ ಇದೇ ಜಾತಿ ತೊಂದ್ರೆ. "ಗಿಟ್ -ಸಿ ಕೋರ್.ಎಸ್‌ಎಸ್‌ಎಚ್‌ಕಮಾಂಡ್=... ಕ್ಲೋನ್" ಅಂತ -ಸಿ ನ ಕ್ಲೋನ್ ಪದಕ್ಕಿಂತ ಮುಂಚೆ ಹಾಕಿದ್ರೆ ಆ ಒಂದು ಸಲಕ್ಕೆ ಮಾತ್ರ, ರೆಪೋದಲ್ಲಿ ಏನೂ ಉಳಿಯಲ್ಲ. "ಗಿಟ್ ಕ್ಲೋನ್ -ಸಿ ಕೋರ್.ಎಸ್‌ಎಸ್‌ಎಚ್‌ಕಮಾಂಡ್=..." ಅಂತ ಕ್ಲೋನ್ ಆದ್ಮೇಲೆ ಹಾಕಿದ್ರೆ ಹೊಸ ರೆಪೋ ಕಾನ್ಫಿಗ್‌ನಲ್ಲೇ ಬರೆದುಕೊಳ್ಳತ್ತೆ, ಮೊದಲ ಫೆಚ್‌ಗೂ ಅದೇ ಅನ್ವಯ, ಆಮೇಲಿನ ಪುಲ್ ಪುಷ್‌ಗೂ ಅದೇ. ಎರಡು ಪದ ಆಚೀಚೆ ಆದ್ರೆ ಇಷ್ಟು ವ್ಯತ್ಯಾಸ.

ಕೋಟ್, ಸ್ಪೇಸ್, ಬ್ಯಾಕ್‌ಸ್ಲಾಷ್

ಕೋರ್.ಎಸ್‌ಎಸ್‌ಎಚ್‌ಕಮಾಂಡ್‌ನ ನಿಮ್ಮ ಕೈಯಿಂದ ಸರ್ವರ್‌ವರೆಗೆ ಎರಡು ಜನ ಓದ್ತಾರೆ, ಒಬ್ರು ಗಿಟ್‌ನ ಕಾನ್ಫಿಗ್ ಓದೋರು, ಇನ್ನೊಬ್ರು ಶೆಲ್. ಕಾನ್ಫಿಗ್ ಓದೋರು ಡಬಲ್ ಕೋಟ್‌ನ ತೆಗೆದು ಬಿಸಾಕ್ತಾರೆ, ಬ್ಯಾಕ್‌ಸ್ಲಾಷ್‌ನ ಎಸ್ಕೇಪ್ ಅಂತ ತಿಳ್ಕೋತಾರೆ, ಕೋಟ್ ಇಲ್ದೆ # ಅಥವಾ ; ಕಂಡ್ರೆ ಅಲ್ಲಿಂದ ಮುಂದೆ ಕಾಮೆಂಟ್ ಅಂತ ಬಿಟ್ಬಿಡ್ತಾರೆ. ಉಳಿದದ್ದು ಶೆಲ್‌ಗೆ ಹೋಗತ್ತೆ, ಶೆಲ್ ಸ್ಪೇಸ್ ಇದ್ದಲ್ಲಿ ಕತ್ತರಿಸತ್ತೆ.

ಹಾಗಾಗಿ ವಿಂಡೋಸ್‌ನಲ್ಲಿ ಯೂಸರ್ ಹೆಸರಲ್ಲೇ ಸ್ಪೇಸ್ ಇರೋರಿಗೆ ಇದು ದೊಡ್ಡ ತಲೆನೋವು. ಕಾನ್ಫಿಗ್ ಫೈಲ್‌ನ ಎಡಿಟರ್‌ನಲ್ಲಿ ತೆಗೆದು ಸಿ:\ಯೂಸರ್ಸ್\... ಅಂತ ಬರೆದ್ರೆ ಗಿಟ್ "ಬ್ಯಾಡ್ ಕಾನ್ಫಿಗ್ ಲೈನ್" ಅಂತ ನಿಂತ್ಬಿಡತ್ತೆ, ಯಾವ ಗಿಟ್ ಕಮಾಂಡೂ ಓಡಲ್ಲ. ಬ್ಯಾಕ್‌ಸ್ಲಾಷ್ ಬದ್ಲು ಫಾರ್ವರ್ಡ್ ಸ್ಲಾಷ್ ಹಾಕಿ, ಪಾಥ್ ಸುತ್ತ ಸಿಂಗಲ್ ಕೋಟ್ ಹಾಕಿ, ಹೀಗೆ:

ಎಸ್‌ಎಸ್‌ಎಚ್‌ಕಮಾಂಡ್ = ಎಸ್‌ಎಸ್‌ಎಚ್ -ಐ 'ಸಿ:/ಯೂಸರ್ಸ್/ನನ್ನ ಹೆಸರು/.ಎಸ್‌ಎಸ್‌ಎಚ್/ಕೆಲಸದ_ಕೀ' -ಓ ಐಡೆಂಟಿಟೀಸ್‌ಓನ್ಲಿ=ಯೆಸ್

ಸಿಂಗಲ್ ಕೋಟ್ ಯಾಕಂದ್ರೆ ಕಾನ್ಫಿಗ್ ಓದೋರಿಗೆ ಅದು ಬರೀ ಒಂದು ಅಕ್ಷರ, ಮುಟ್ಟಲ್ಲ, ಶೆಲ್‌ಗೆ ಹಾಗೇ ದಾಟಿಸ್ತಾರೆ, ಶೆಲ್ ಅದನ್ನ ಅರ್ಥ ಮಾಡ್ಕೊಂಡು ಇಡೀ ಪಾಥ್‌ನ ಒಂದೇ ಪದ ಅಂತ ತಗೊಳ್ಳತ್ತೆ.

ಹಳೇ ಕಮಾಂಡ್ ಪ್ರಾಂಪ್ಟ್‌ನಲ್ಲಿ ಇನ್ನೊಂದು ಬೋನು. ಸೆಟ್ ಗಿಟ್_ಎಸ್‌ಎಸ್‌ಎಚ್_ಕಮಾಂಡ್="ಎಸ್‌ಎಸ್‌ಎಚ್ -ವಿ" ಅಂತ ಕೋಟ್ ಹಾಕಿ ಬರೆದ್ರೆ ಆ ಕೋಟ್ ಕೂಡ ವ್ಯಾಲ್ಯೂ ಒಳಗೇ ಸೇರ್ಕೊಳ್ಳತ್ತೆ, ಆಮೇಲೆ ಶೆಲ್ "ಎಸ್‌ಎಸ್‌ಎಚ್ -ವಿ" ಅನ್ನೋ ಹೆಸರಿನ ಪ್ರೋಗ್ರಾಂ ಹುಡುಕಿ ಕಮಾಂಡ್ ನಾಟ್ ಫೌಂಡ್ ಅನ್ನತ್ತೆ. ಅಲ್ಲಿ ಕೋಟ್ ಇಲ್ದೇ ಬರೀಬೇಕು. ಬ್ಯಾಶ್‌ನಲ್ಲಾದ್ರೆ ಕೋಟ್ ಬೇಕೇ ಬೇಕು. ಒಂದೇ ಸಾಲನ್ನ ಅಲ್ಲಿಂದ ಇಲ್ಲಿಗೆ ಕಾಪಿ ಪೇಸ್ಟ್ ಮಾಡೋವಾಗ ಇದನ್ನ ನೆನಪಿಟ್ಕೊಳಿ.

ಕೀ ಪಾಥ್ ಯಾವಾಗ್ಲೂ ಪೂರ್ತಿ ಕೊಡಿ, ಅಥವಾ ~/ ಇಂದ ಶುರು ಮಾಡಿ. ಕೀಸ್/ಡಿಪ್ಲಾಯ್ ಅಂತ ಅರ್ಧಂಬರ್ಧ ಕೊಟ್ರೆ ಅದು ಗಿಟ್ ಆ ಹೊತ್ತಿಗೆ ಯಾವ ಫೋಲ್ಡರ್‌ನಲ್ಲಿ ನಿಂತಿರತ್ತೋ ಅಲ್ಲಿಂದ ಲೆಕ್ಕ, ಮೇನ್ ರೆಪೋದಲ್ಲಿ ನಡೆದದ್ದು ಸಬ್‌ಮಾಡ್ಯೂಲ್‌ನಲ್ಲಿ (ರೆಪೋ ಒಳಗೆ ಕೂತ ಇನ್ನೊಂದು ರೆಪೋ) ನಡೆಯಲ್ಲ.

ಸರಿಯಾದ ಕೀ ಕೊಟ್ಟಿದೀನಿ, ಆದ್ರೂ ಬೇರೆ ಅಕೌಂಟ್ ಹೆಸರಲ್ಲಿ ಹೋಗ್ತಿದೆ

ಎರಡು ಅಕೌಂಟ್ ಇರೋರು ಎಲ್ಲರೂ ಇಲ್ಲಿಗೆ ಬಂದೇ ಬರ್ತಾರೆ, ಕೋರ್.ಎಸ್‌ಎಸ್‌ಎಚ್‌ಕಮಾಂಡ್ ಹುಡ್ಕೊಂಡು ಬರೋದೇ ಹೆಚ್ಚಾಗಿ ಇದಕ್ಕೆ. -ಐ ಅಂತ ಕೀ ಕೊಟ್ರೆ ಅದೊಂದೇ ಕೀ ಬಳಸತ್ತೆ ಅಂತ ಎಲ್ಲರೂ ಅಂದ್ಕೊಳ್ತಾರೆ, ಹಾಗಲ್ಲ. -ಐ ಅಂದ್ರೆ ಈ ಕೀನೂ ಪಟ್ಟಿಗೆ ಸೇರ್ಸಿಕೋ ಅಂತ ಅಷ್ಟೇ. ಎಸ್‌ಎಸ್‌ಎಚ್-ಏಜೆಂಟ್‌ನಲ್ಲಿ (ಕೀಗಳನ್ನ ಮೆಮೊರೀಲಿ ಇಟ್ಕೊಂಡಿರೋ ಪ್ರೋಗ್ರಾಂ) ಇರೋ ಬೇರೆ ಕೀಗಳೂ ಸರ್ವರ್ ಮುಂದೆ ಸಾಲಾಗಿ ಹೋಗ್ತವೆ, ಸರ್ವರ್ ಮೊದ್ಲು ಗುರುತು ಸಿಕ್ಕ ಕೀನ ಒಪ್ಕೊಂಡು ನೀವು ಆ ಅಕೌಂಟ್‌ನೋರು ಅಂತ ತೀರ್ಮಾನ ಮಾಡಿಬಿಡತ್ತೆ. ಆಮೇಲೆ ಆ ಅಕೌಂಟ್‌ಗೆ ಈ ರೆಪೋ ಮೇಲೆ ಹಕ್ಕಿಲ್ಲ ಅಂತ ಬಾಗಿಲು ಹಾಕತ್ತೆ. ಕೀಗಳು ಜಾಸ್ತಿ ಇದ್ರೆ ಇನ್ನೊಂದು ರೂಪ, "ಟೂ ಮೆನಿ ಅಥೆಂಟಿಕೇಷನ್ ಫೇಲ್ಯೂರ್ಸ್", ಓಪನ್‌ಎಸ್‌ಎಸ್‌ಎಚ್ ಸರ್ವರ್ ಡೀಫಾಲ್ಟ್ ಆಗಿ 6 ಪ್ರಯತ್ನ ಮಾತ್ರ ಕೊಡತ್ತೆ, ನಿಮ್ಮ ಸರಿಯಾದ ಕೀ ಏಳನೇದಾಗಿ ಕಾಯ್ತಿರತ್ತೆ ಪಾಪ.

ಮದ್ದು -ಓ ಐಡೆಂಟಿಟೀಸ್‌ಓನ್ಲಿ=ಯೆಸ್. ಇದು ಹಾಕಿದ್ರೆ ಹೆಸರು ಹಿಡಿದು ಹೇಳಿದ ಕೀಗಳು ಮಾತ್ರ ಹೋಗ್ತವೆ. ಇದಾದ್ಮೇಲೂ ತಪ್ಪು ಕೀ ಹೋಗ್ತಿದ್ರೆ ನಿಮ್ಮ ~/.ಎಸ್‌ಎಸ್‌ಎಚ್/ಕಾನ್ಫಿಗ್ ಫೈಲ್ ನೋಡಿ, ಅಲ್ಲಿ ಹೋಸ್ಟ್ * ಕೆಳಗೆ ಐಡೆಂಟಿಟಿಫೈಲ್ ಇದ್ರೆ ಅದೂ ಹೆಸರು ಹಿಡಿದು ಹೇಳಿದ ಹಾಗೇ ಲೆಕ್ಕ. ಪೂರ್ತಿ ಕಾನ್ಫಿಗ್‌ನೇ ಪಕ್ಕಕ್ಕಿಟ್ಟು ನೋಡ್ಬೇಕು ಅಂದ್ರೆ ದೊಡ್ಡ ಎಫ್, -ಎಫ್ /ಡೆವ್/ನಲ್, ಆದ್ರೆ ಹಾಗೆ ಮಾಡಿದ್ರೆ ಅದ್ರಲ್ಲಿರೋ ಪ್ರಾಕ್ಸಿ, ಪೋರ್ಟ್, ಹೋಸ್ಟ್ ಅಡ್ಡಹೆಸರು ಎಲ್ಲಾ ಹೋಗತ್ತೆ ಅನ್ನೋದು ನೆನಪಿರ್ಲಿ. ಎಸ್‌ಎಸ್‌ಎಚ್ -ಜಿ ಹೋಸ್ಟ್‌ಹೆಸರು, ಇಲ್ಲಿ ಜಿ ದೊಡ್ಡದು, ಕೊಟ್ರೆ ಕನೆಕ್ಟ್ ಆಗದೆ ಬರೀ ಕೊನೆಗೆ ಲೆಕ್ಕಕ್ಕೆ ಬರೋ ಸೆಟ್ಟಿಂಗ್ ಎಲ್ಲಾ ಪ್ರಿಂಟ್ ಮಾಡತ್ತೆ, ನನಗೆ ತುಂಬಾ ಇಷ್ಟವಾದ ಕಮಾಂಡ್ ಇದು, ಎಷ್ಟೋ ಜನಕ್ಕೆ ಇದು ಇದೆ ಅಂತಾನೇ ಗೊತ್ತಿಲ್ಲ.

ಯಾವ ಕೀ ಹೋಗ್ತಿದೆ ಅಂತ ನೋಡೋಕೆ:

ಗಿಟ್_ಎಸ್‌ಎಸ್‌ಎಚ್_ಕಮಾಂಡ್="ಎಸ್‌ಎಸ್‌ಎಚ್ -ವಿವಿವಿ" ಗಿಟ್ ಎಲ್‌ಎಸ್-ರಿಮೋಟ್ ಒರಿಜಿನ್

ಹುಷಾರು, ಹೀಗೆ ಬರೆದ್ರೆ ನಿಮ್ಮ ಕೋರ್.ಎಸ್‌ಎಸ್‌ಎಚ್‌ಕಮಾಂಡ್ ಪಕ್ಕಕ್ಕೆ ಹೋಗಿ ಬರೀ ಎಸ್‌ಎಸ್‌ಎಚ್ ಓಡತ್ತೆ, ಅಂದ್ರೆ ತೊಂದ್ರೆ ಇರೋದನ್ನ ಬಿಟ್ಟು ಬೇರೆಯದನ್ನ ಪರೀಕ್ಷೆ ಮಾಡಿದ ಹಾಗಾಗತ್ತೆ. ನಿಮ್ಮ ಪೂರ್ತಿ ಕಮಾಂಡ್‌ನ ಅದೇ -ಐ ಅದೇ -ಓ ಸಮೇತ ಬರೆದು ಅದ್ರ ಜೊತೆ -ವಿವಿವಿ ಸೇರ್ಸಿ. ಬರೋ ಸಾಲುಗಳು ನೂರಾರು, ಹೆದರ್ಬೇಡಿ, ನೋಡ್ಬೇಕಾದ್ದು ನಾಲ್ಕೇ. "ರೀಡಿಂಗ್ ಕಾನ್ಫಿಗರೇಷನ್ ಡೇಟಾ" ಅಂತ ಇರೋ ಸಾಲು ಯಾವ ಫೈಲ್ ಓದ್ತು ಅಂತ ಹೇಳತ್ತೆ. "ಆಫರಿಂಗ್ ಪಬ್ಲಿಕ್ ಕೀ" ಸಾಲಲ್ಲಿ ಕೀ ಪಾಥ್, ಕೊನೇಲಿ ಎಕ್ಸ್‌ಪ್ಲಿಸಿಟ್ ಅಂದ್ರೆ ನೀವು ಹೆಸರು ಹೇಳಿದ್ದು, ಏಜೆಂಟ್ ಅಂದ್ರೆ ಏಜೆಂಟ್‌ನಿಂದ ಬಂದದ್ದು. "ಸರ್ವರ್ ಆಕ್ಸೆಪ್ಟ್ಸ್ ಕೀ" ಅಂತ ಯಾವ ಕೀಗೆ ಬಂತು ನೋಡಿ, ಆ ಕೀ ಯಾರದ್ದೋ ಅವರ ಹೆಸರಲ್ಲೇ ನೀವು ಒಳಗೆ ಹೋಗಿದ್ದು. ನಾಲ್ಕನೇದು "ಅಥೆಂಟಿಕೇಟೆಡ್ ಟು", ಅದು ಬಂದಿದ್ರೆ ಎಸ್‌ಎಸ್‌ಎಚ್ ಕೆಲ್ಸ ಮುಗೀತು, ಇನ್ನೂ ಎರರ್ ಇದ್ರೆ ಅದು ರೆಪೋ ಪಾಥ್ ಅಥವಾ ಹಕ್ಕಿನ ವಿಷ್ಯ, ಕೀ ಬಗ್ಗೆ ಯೋಚನೆ ಬಿಡಿ. ಐಡೆಂಟಿಟಿ ಫೈಲ್ ಟೈಪ್ -1 ಅಂತ ಒಂದಷ್ಟು ಬರತ್ತೆ, ಅದು ಡೀಫಾಲ್ಟ್ ಹೆಸರಿನ ಫೈಲ್‌ಗಳು ಇಲ್ಲ ಅಂತ ಹೇಳೋದು, ಅದನ್ನ ನೋಡಿ ಗಾಬರಿ ಬೀಳೋದು ಬೇಡ. ಕಸ್ಟಮ್ ಕಮಾಂಡ್‌ನಲ್ಲಿ ಯಾರಾದ್ರೂ -ಕ್ಯೂ ಹಾಕಿದ್ರೆ ತೆಗೀರಿ, ಅದು ಎಸ್‌ಎಸ್‌ಎಚ್ ಬಾಯಿ ಮುಚ್ಚಿಸಿ ಕಾರಣಾನೇ ಕಾಣದ ಹಾಗೆ ಮಾಡತ್ತೆ.

ಇನ್ನೊಂದು ಸೂಕ್ಷ್ಮ ಇದೆ, ಇದು ಸಿಕ್ಕಿದ್ರೆ ಮನುಷ್ಯ ಹುಚ್ಚು ಹಿಡಿದ ಹಾಗಾಗ್ತಾನೆ, ಕಂಟ್ರೋಲ್‌ಮಾಸ್ಟರ್. ಎಸ್‌ಎಸ್‌ಎಚ್ ಕಾನ್ಫಿಗ್‌ನಲ್ಲಿ ಕನೆಕ್ಷನ್ ಹಂಚ್ಕೊಳ್ಳೋ ಸೆಟ್ಟಿಂಗ್ ಇದ್ದು ಅದೇ ಯೂಸರ್ ಅದೇ ಹೋಸ್ಟ್‌ಗೆ ಹಳೇ ಕನೆಕ್ಷನ್ ಇನ್ನೂ ತೆರೆದಿದ್ರೆ, ಎಸ್‌ಎಸ್‌ಎಚ್ ಆ ಹಳೇ ದಾರೀಲೇ ನುಗ್ಗಿಬಿಡತ್ತೆ, ಹೊಸ ಕೀ ನೋಡೋದೇ ಇಲ್ಲ, ಯಾಕಂದ್ರೆ ಲಾಗಿನ್ ಆಗ್ಲೇ ಆಗಿದೆ. ಎರಡೂ ಅಕೌಂಟ್‌ಗೂ ಯೂಸರ್ ಹೆಸರು "ಗಿಟ್" ಅಂತಾನೇ ಇರೋದ್ರಿಂದ ಅದಕ್ಕೆ ವ್ಯತ್ಯಾಸ ಗೊತ್ತಾಗಲ್ಲ. ಹತ್ತು ನಿಮಿಷ ಬಿಟ್ಟು ನೋಡಿದ್ರೆ ತಾನೇ ಸರಿಹೋಗಿರತ್ತೆ, ಮತ್ತೆ ಕೆಡತ್ತೆ. ಕಮಾಂಡ್‌ಗೆ -ಓ ಕಂಟ್ರೋಲ್‌ಪಾಥ್=ನನ್ ಸೇರ್ಸಿ, ಮುಗೀತು.

ಕೀ ಫೈಲ್‌ನ ಪರ್ಮಿಷನ್ 0644 ಇದ್ರೆ ಎಸ್‌ಎಸ್‌ಎಚ್ ಆ ಕೀನ ಮುಟ್ಟಲ್ಲ, 600 ಮಾಡಿ. ಸರ್ವರ್ ಹಳೇದಿದ್ದು "ನೋ ಮ್ಯಾಚಿಂಗ್ ಹೋಸ್ಟ್ ಕೀ ಟೈಪ್" ಅಂತ ಬಂದು ಎಸ್‌ಎಸ್‌ಎಚ್-ಆರ್‌ಎಸ್‌ಎ ಹೆಸರು ಕಂಡ್ರೆ ಅದು 2021ರಲ್ಲಿ ಓಪನ್‌ಎಸ್‌ಎಸ್‌ಎಚ್ 8.8 ಹಳೇ ಎಸ್‌ಎಚ್‌ಎ-1 ಸಹಿಯನ್ನ ಡೀಫಾಲ್ಟ್ ಆಗಿ ಬಂದ್ ಮಾಡಿದ್ರ ಫಲ. ಆಪ್ಷನ್ ಹಾಕಿ ಮತ್ತೆ ತೆರೆಯೋಕೆ ಬರತ್ತೆ, ಆದ್ರೆ ಸಾಧ್ಯ ಇದ್ರೆ ಸರ್ವರ್ ಅಪ್‌ಡೇಟ್ ಮಾಡ್ಸೋದೇ ಸರಿ.

ವ್ರಾಪರ್ ಸ್ಕ್ರಿಪ್ಟ್ ಬರೆದಿರೋರಿಗೆ

ಕೆಲವ್ರು ಕಮಾಂಡ್ ಬದ್ಲು ತಮ್ಮದೇ ಸಣ್ಣ ಶೆಲ್ ಸ್ಕ್ರಿಪ್ಟ್ ಬರೆದು ಅದನ್ನ ಕೊಡ್ತಾರೆ. ಸ್ಕ್ರಿಪ್ಟ್ ಎರಡೇ ಸಾಲು ಇರ್ಬೇಕು, ಮೇಲೆ ಶಿಬ್ಯಾಂಗ್ (#! ಅಂತ ಶುರುವಾಗೋ ಸಾಲು), ಕೆಳಗೆ ಎಕ್ಸೆಕ್ ಎಸ್‌ಎಸ್‌ಎಚ್ ನಿಮ್ಮ ಆಪ್ಷನ್‌ಗಳು "$@". ಆ $@ ಸುತ್ತ ಇರೋ ಡಬಲ್ ಕೋಟ್ ಬಿಡ್ಬೇಡಿ, ಬಿಟ್ರೆ ಗಿಟ್ ಒಂದೇ ತುಂಡಾಗಿ ಕಳ್ಸಿದ್ದನ್ನ ಶೆಲ್ ಸ್ಪೇಸ್ ಇದ್ದಲ್ಲೆಲ್ಲ ಮುರಿದು ಹಾಕತ್ತೆ. ಎಕ್ಸಿಕ್ಯೂಟ್ ಪರ್ಮಿಷನ್ ಕೊಡಿ. ವಿಂಡೋಸ್ ಎಡಿಟರ್‌ನಲ್ಲಿ ಬರೆದದ್ದಾದ್ರೆ ಸಾಲಿನ ಕೊನೇಲಿ ಕಾಣದ ಒಂದು ಅಕ್ಷರ ಉಳಿದು, ಫೈಲ್ ಕಣ್ಣೆದುರೇ ಇದ್ರೂ "ನೋ ಸಚ್ ಫೈಲ್" ಅನ್ನಬಹುದು, ಸಾಲಿನ ಅಂತ್ಯವನ್ನ ಯೂನಿಕ್ಸ್ ಥರ ಮಾಡಿ ಸೇವ್ ಮಾಡಿ.

ಎಲ್ಲಕ್ಕಿಂತ ಮುಖ್ಯವಾಗಿ ಸ್ಕ್ರಿಪ್ಟ್ ಒಳಗೆ ಎಕೋ ಹಾಕ್ಬೇಡಿ. ಗಿಟ್ ಆ ಸ್ಕ್ರಿಪ್ಟ್‌ನ ಸ್ಟ್ಯಾಂಡರ್ಡ್ ಔಟ್‌ಪುಟ್‌ನಲ್ಲಿ ಸರ್ವರ್ ಜೊತೆ ಮಾತಾಡ್ತಿರತ್ತೆ, ಪ್ರತಿ ತುಂಡಿನ ಮೊದಲ ನಾಲ್ಕು ಅಕ್ಷರ ಆ ತುಂಡಿನ ಉದ್ದ. ನೀವು "ಯೂಸಿಂಗ್ ವರ್ಕ್ ಕೀ" ಅಂತ ಪ್ರಿಂಟ್ ಮಾಡಿದ್ರೆ ಗಿಟ್ ಆ ಮೊದಲ ನಾಲ್ಕು ಅಕ್ಷರಾನ ಉದ್ದ ಅಂತ ಓದೋಕೆ ಹೋಗಿ "ಬ್ಯಾಡ್ ಲೈನ್ ಲೆಂತ್ ಕ್ಯಾರಕ್ಟರ್" ಅಂತ ಕೂಗಿ ಅದ್ರ ಪಕ್ಕ ನಿಮ್ಮ ಪದದ ಚೂರನ್ನೇ ತೋರ್ಸತ್ತೆ. ಆ ಎರರ್ ಬಂದಾಗ ಆ ನಾಲ್ಕು ಅಕ್ಷರ ಎಲ್ಲಿಂದ ಬಂತು ಅಂತ ಹುಡುಕಿ, ನಿಮ್ಮ ಸ್ಕ್ರಿಪ್ಟ್ ಆಗಿರ್ಬಹುದು, ಆ ಕಡೆ ಸರ್ವರ್‌ನ ಬ್ಯಾಶ್‌ಆರ್‌ಸಿ ಏನಾದ್ರೂ ಸ್ವಾಗತ ಹೇಳ್ತಿರ್ಬಹುದು. ಏನಾದ್ರೂ ಹೇಳ್ಲೇಬೇಕು ಅಂದ್ರೆ >&2 ಹಾಕಿ ಎರರ್ ಕಡೆಗೆ ಕಳ್ಸಿ. ಹಾಗೇನೇ ಕಮಾಂಡ್‌ನಲ್ಲಿ ಸಣ್ಣ ಅಕ್ಷರದ -ಟಿ, -ಎನ್, -ಎಫ್ ಈ ಮೂರೂ ಇರಬಾರ್ದು, ಮೊದಲನೇದು ಟರ್ಮಿನಲ್ ತೆರೆದು ಡೇಟಾ ಕೆಡಿಸಬಹುದು, ಮಿಕ್ಕ ಎರಡು ಇನ್‌ಪುಟ್‌ನೇ ಕತ್ತರಿಸ್ತವೆ.

ಪೋರ್ಟ್ ಮತ್ತು ವೇರಿಯಂಟ್. ಪೋರ್ಟ್ ಕೊಡೋಕೆ ಓಪನ್‌ಎಸ್‌ಎಸ್‌ಎಚ್‌ಗೆ ಸಣ್ಣ ಪಿ, ಪ್ಲಿಂಕ್‌ಗೆ ದೊಡ್ಡ ಪಿ. ಹಾಗಾಗಿ ಗಿಟ್ ನಿಮ್ಮ ಕಮಾಂಡ್ ಯಾವ ಜಾತಿ ಅಂತ ಮೊದ್ಲು ಹೆಸರು ನೋಡಿ ಊಹೆ ಮಾಡತ್ತೆ, ಹೆಸರು ಗೊತ್ತಾಗ್ಲಿಲ್ಲ ಅಂದ್ರೆ ದೊಡ್ಡ ಜಿ ಆಪ್ಷನ್ ಹಾಕಿ ಓಡ್ಸಿ ನೋಡತ್ತೆ, ಅದಕ್ಕೂ ಸರಿಯಾಗಿ ಉತ್ತರ ಬರ್ಲಿಲ್ಲ ಅಂದ್ರೆ ಸಿಂಪಲ್ ಅಂತ ತೀರ್ಮಾನಿಸಿ ಪೋರ್ಟ್ ಕೊಡೋದನ್ನೇ ನಿರಾಕರಿಸತ್ತೆ, "ಎಸ್‌ಎಸ್‌ಎಚ್ ವೇರಿಯಂಟ್ ಸಿಂಪಲ್ ಡಸ್ ನಾಟ್ ಸಪೋರ್ಟ್ ಸೆಟ್ಟಿಂಗ್ ಪೋರ್ಟ್" ಅಂತ. ನಿಮ್ಮ ಸ್ಕ್ರಿಪ್ಟ್ ಹೆಸರು ಏನೇ ಇರ್ಲಿ, ಎಸ್‌ಎಸ್‌ಎಚ್.ವೇರಿಯಂಟ್ ಅನ್ನೋ ಕಾನ್ಫಿಗ್‌ಗೆ ಎಸ್‌ಎಸ್‌ಎಚ್ ಅಥವಾ ಪ್ಲಿಂಕ್ ಅಂತ ನೀವೇ ಹೇಳ್ಬಿಟ್ರೆ ಊಹೆ ನಿಲ್ಲತ್ತೆ, 2.13 ಇಂದ ಇದು ಇದೆ. ಜೊತೆಗೆ ಗಿಟ್@ಹೋಸ್ಟ್:2222/ರೆಪೋ ಅಂತ ಬರೆದ್ರೆ ಆ 2222 ಪೋರ್ಟ್ ಅಲ್ಲ, ಫೋಲ್ಡರ್ ಹೆಸರು ಅಂತ ಓದ್ಕೊಳ್ಳತ್ತೆ. ಪೋರ್ಟ್ ಬೇಕಿದ್ರೆ ಎಸ್‌ಎಸ್‌ಎಚ್://ಗಿಟ್@ಹೋಸ್ಟ್:2222/ರೆಪೋ ಅಂತ ಪೂರ್ತಿ ರೂಪದಲ್ಲಿ ಬರೀರಿ.

ನನ್ನ ಟರ್ಮಿನಲ್‌ನಲ್ಲಿ ಆಗತ್ತೆ, ಬೇರೆ ಕಡೆ ಆಗಲ್ಲ

ಸುಡೊ ಹಾಕಿ ಗಿಟ್ ಪುಲ್ ಮಾಡಿದ್ರೆ ನೀವು ಆಗ ರೂಟ್, ನಿಮ್ಮ ಗ್ಲೋಬಲ್ ಕಾನ್ಫಿಗ್ ಇಲ್ಲ, ನಿಮ್ಮ ಕೀ ಇಲ್ಲ, ಏಜೆಂಟ್ ವಿಳಾಸ ಹೇಳೋ ಎಸ್‌ಎಸ್‌ಎಚ್_ಆಥ್_ಸಾಕ್ ಸಾಮಾನ್ಯವಾಗಿ ಉಳಿದಿರಲ್ಲ. ಕ್ರಾನ್‌ನಲ್ಲೂ (ಹೊತ್ತಿಗೆ ಸರಿಯಾಗಿ ಕಮಾಂಡ್‌ನ ತಾನೇ ಓಡ್ಸೋ ಪ್ರೋಗ್ರಾಂ) ಹಾಗೇ, ಬ್ಯಾಶ್‌ಆರ್‌ಸಿಯಲ್ಲಿ ಎಕ್ಸ್‌ಪೋರ್ಟ್ ಮಾಡಿದ್ದನ್ನ ನಂಬ್ಕೊಂಡು ಕೂರೋ ಹಾಗಿಲ್ಲ. ಇಂಥ ಕಡೆ ರೆಪೋ ಕಾನ್ಫಿಗ್‌ನಲ್ಲೇ ಪೂರ್ತಿ ಪಾಥ್ ಸಮೇತ ಬರೆದಿಡೋದು ಗಟ್ಟಿ, ಅದು ಯಾವ ಶೆಲ್ ಅಂತ ಕೇಳಲ್ಲ. ಜೊತೆಗೆ -ಓ ಬ್ಯಾಚ್‌ಮೋಡ್=ಯೆಸ್ ಹಾಕಿ, ಪಾಸ್‌ಫ್ರೇಸ್ (ಕೀಗೆ ಹಾಕಿದ ಪಾಸ್‌ವರ್ಡ್) ಕೇಳ್ಕೊಂಡು ಯಾರೂ ಇಲ್ಲದ ಕಡೆ ಗಂಟೆಗಟ್ಟಲೆ ಕಾಯೋ ಬದ್ಲು ತಕ್ಷಣ ಫೇಲ್ ಆಗಿ ಕಾರಣ ಹೇಳತ್ತೆ.

ಸಬ್‌ಮಾಡ್ಯೂಲ್ ಒಂದೊಂದೂ ಬೇರೆ ರೆಪೋ, ಮೇಲಿನ ರೆಪೋದ ಕಾನ್ಫಿಗ್‌ನಲ್ಲಿ ಬರೆದ ಎಸ್‌ಎಸ್‌ಎಚ್ ಕಮಾಂಡ್ ಅದಕ್ಕೆ ಇಳಿಯಲ್ಲ. ಎನ್ವಿರಾನ್ಮೆಂಟ್ ವೇರಿಯಬಲ್ ಇಳಿಯತ್ತೆ, ಮೊದಲ ಸಲ ತರೋವಾಗ ಅದನ್ನ ಬಳಸಿ. ಕಾಯಂ ಬೇಕು ಅಂದ್ರೆ ಗ್ಲೋಬಲ್ ಕಾನ್ಫಿಗ್‌ನಲ್ಲಿ ಇನ್‌ಕ್ಲೂಡ್‌ಇಫ್ ಬರೆದು ಗಿಟ್‌ಡಿರ್:~/ಕೆಲಸ/ ಅಂತ ಫೋಲ್ಡರ್ ಕೊಡಿ, ಆ ಫೋಲ್ಡರ್ ಕೆಳಗಿರೋ ಎಲ್ಲಾ ರೆಪೋಗೂ, ಸಬ್‌ಮಾಡ್ಯೂಲ್‌ಗೂ ಅನ್ವಯ ಆಗತ್ತೆ. ಕೊನೇ ಸ್ಲಾಷ್ ಮರೀಬೇಡಿ, ಅದಿಲ್ದಿದ್ರೆ ಒಳಗಿನ ರೆಪೋಗಳಿಗೆ ತಾಗಲ್ಲ, ಎರರ್ ಕೂಡ ಕೊಡಲ್ಲ.

ಎಡಿಟರ್ ಒಳಗಿನಿಂದ ಮಾತ್ರ ಆಗ್ತಿಲ್ಲ ಅಂದ್ರೆ, ಅದನ್ನ ಐಕಾನ್ ಒತ್ತಿ ತೆರೆದಿದ್ರೆ ಟರ್ಮಿನಲ್‌ನ ವೇರಿಯಬಲ್ ಅದಕ್ಕೆ ಸಿಕ್ಕಿರಲ್ಲ, ಟರ್ಮಿನಲ್‌ನಿಂದಲೇ ತೆರೆದು ನೋಡಿ ವ್ಯತ್ಯಾಸ ಗೊತ್ತಾಗತ್ತೆ. ಅಲ್ಲಿ ಲಾಗ್ ನೋಡೋಕೆ ಕಮಾಂಡ್‌ನಲ್ಲಿ ದೊಡ್ಡ ಅಕ್ಷರದ -ಇ ಹಾಕಿ ಒಂದು ಫೈಲ್ ಹೆಸರು ಕೊಟ್ರೆ -ವಿವಿವಿ ಮಾತೆಲ್ಲ ಆ ಫೈಲ್‌ಗೆ ಹೋಗತ್ತೆ. ಇನ್ನು ಕೆಲವು ಟೂಲ್‌ಗಳು ಗಿಟ್ ಪ್ರೋಗ್ರಾಂನ ಕರೆಯೋದೇ ಇಲ್ಲ, ಒಳಗೇ ಲಿಬ್‌ಗಿಟ್2 ಥರದ ಲೈಬ್ರರಿ ಇಟ್ಕೊಂಡಿರ್ತವೆ, ಅಲ್ಲಿ ನಿಮ್ಮ ಕೋರ್.ಎಸ್‌ಎಸ್‌ಎಚ್‌ಕಮಾಂಡ್ ಲೆಕ್ಕಕ್ಕೇ ಬರದೇ ಇರಬಹುದು. ರಸ್ಟ್‌ನ ಕಾರ್ಗೋ ಹಾಗೇ, ಅದಕ್ಕೆ ನೆಟ್.ಗಿಟ್-ಫೆಚ್-ವಿತ್-ಸಿಎಲ್‌ಐ = ಟ್ರೂ ಅಂತ ಹೇಳಿದ್ರೆ ಮಾಮೂಲಿ ಗಿಟ್ ಬಳಸತ್ತೆ.

ವಿಂಡೋಸ್‌ನಲ್ಲಿ ಏಜೆಂಟ್‌ಗೆ ಕೀ ಸೇರ್ಸಿದೀನಿ, ಆದ್ರೂ ಪ್ರತಿ ಸಲ ಪಾಸ್‌ಫ್ರೇಸ್ ಕೇಳತ್ತೆ ಅನ್ನೋರಿಗೆ: ಗಿಟ್ ಫಾರ್ ವಿಂಡೋಸ್ ತನ್ನದೇ ಎಸ್‌ಎಸ್‌ಎಚ್ ತರಬಹುದು, ವಿಂಡೋಸ್‌ನ ಏಜೆಂಟ್ ಸರ್ವೀಸ್ ಜೊತೆ ಅದು ಮಾತಾಡಲ್ಲ. ಕೋರ್.ಎಸ್‌ಎಸ್‌ಎಚ್‌ಕಮಾಂಡ್‌ಗೆ ಸಿ:/ವಿಂಡೋಸ್/ಸಿಸ್ಟಮ್32/ಓಪನ್‌ಎಸ್‌ಎಸ್‌ಎಚ್/ಎಸ್‌ಎಸ್‌ಎಚ್.ಇಎಕ್ಸ್‌ಇ ಕೊಡಿ, ಆ ಏಜೆಂಟ್‌ನಲ್ಲಿರೋ ಕೀಗಳು ಸಿಗ್ತವೆ.

ಹೋಸ್ಟ್ ಕೀ (ಸರ್ವರ್‌ನ ಗುರುತು ಹೇಳೋ ಕೀ) ಬದಲಾಗಿದೆ ಅಂತ ದೊಡ್ಡ ಎಚ್ಚರಿಕೆ ಬಂದಾಗ ಸ್ಟ್ರಿಕ್ಟ್‌ಹೋಸ್ಟ್‌ಕೀಚೆಕಿಂಗ್=ನೋ ಅಂತ ಕಮಾಂಡ್‌ನಲ್ಲಿ ಹಾಕಿ ಅದನ್ನ ದಾಟ್ಕೊಂಡು ಹೋಗೋ ಅಭ್ಯಾಸ ತುಂಬಾ ಜನಕ್ಕಿದೆ, ಇದನ್ನ ನಾನು ಕಳಕಳಿಯಿಂದ ಬೇಡ ಅಂತೀನಿ. ಆ ಕಡೆ ಇರೋದು ನಿಜವಾದ ಸರ್ವರ್ರೋ ಮಧ್ಯೆ ಕೂತ ಬೇರೆಯವ್ರೋ ಅಂತ ಹೇಳೋ ಒಂದೇ ಕಾವಲು ಅದು. 2023ರ ಮಾರ್ಚ್‌ನಲ್ಲಿ ಗಿಟ್‌ಹಬ್ ತನ್ನ ಆರ್‌ಎಸ್‌ಎ ಹೋಸ್ಟ್ ಕೀ ಬದಲಾಯಿಸ್ತು, ಹಾಗೆ ನಿಜವಾಗ್ಲೂ ಬದಲಾಗೋದೂ ಇದೆ, ಆಗ ಅವರು ಪ್ರಕಟಿಸಿದ ಫಿಂಗರ್‌ಪ್ರಿಂಟ್ ಜೊತೆ ತಾಳೆ ನೋಡಿ, ಎಸ್‌ಎಸ್‌ಎಚ್-ಕೀಜೆನ್‌ಗೆ ದೊಡ್ಡ ಆರ್ ಕೊಟ್ಟು ಹಳೇದನ್ನ ನೋನ್_ಹೋಸ್ಟ್ಸ್‌ನಿಂದ ತೆಗೆದು ಹೊಸದು ಸೇರ್ಸಿ. ಹೊಸ ಮಷಿನ್‌ಗಳಲ್ಲಿ ಮೊದಲ ಸಲ ಪ್ರಶ್ನೆ ಬೇಡ ಅಂದ್ರೆ ನೋ ಬದ್ಲು ಆಕ್ಸೆಪ್ಟ್-ನ್ಯೂ ಹಾಕಿ, ಹೊಸ ಹೋಸ್ಟ್‌ನ ಒಪ್ಪತ್ತೆ, ಬದಲಾದ ಕೀನ ಒಪ್ಪಲ್ಲ.

ಗಿಟ್ ಥರದ್ದೇ ಬೇರೆ ಟೂಲ್ ಆದ ಮರ್ಕ್ಯುರಿಯಲ್ ಬಳಸೋರಿಗೆ ಇದೇ ಸೆಟ್ಟಿಂಗ್ ಎಚ್‌ಜಿಆರ್‌ಸಿ ಫೈಲ್‌ನ ಯುಐ ಭಾಗದಲ್ಲಿ ಎಸ್‌ಎಸ್‌ಎಚ್ ಅನ್ನೋ ಹೆಸರಲ್ಲಿದೆ, ಸಬ್‌ವರ್ಷನ್‌ನಲ್ಲಿ ಎಸ್‌ವಿಎನ್_ಎಸ್‌ಎಸ್‌ಎಚ್ ವೇರಿಯಬಲ್, ಅಥವಾ ಕಾನ್ಫಿಗ್‌ನ ಟನಲ್ಸ್ ಭಾಗ. ಕೀ, ಏಜೆಂಟ್ ಬಗ್ಗೆ ಮೇಲೆ ಹೇಳಿದ್ದೆಲ್ಲ ಅಲ್ಲಿಗೂ ಹಾಗೇ ಹೊಂದತ್ತೆ.

ಸರಿಹೋದ್ಮೇಲೆ ಟೆಸ್ಟ್‌ಗೆ ಅಂತ ಹಾಕಿದ್ದೆಲ್ಲ ತೆಗೀರಿ. ಅನ್‌ಸೆಟ್ ಗಿಟ್_ಎಸ್‌ಎಸ್‌ಎಚ್_ಕಮಾಂಡ್, ಕಾನ್ಫಿಗ್‌ನಿಂದ -ವಿವಿವಿ, ಆ -ಇ ಲಾಗ್ ಫೈಲ್, ಎಲ್ಲಾ. ಆಮೇಲೆ ಹೊಸದೊಂದು ಟರ್ಮಿನಲ್ ತೆಗೆದು ಗಿಟ್ ಎಲ್‌ಎಸ್-ರಿಮೋಟ್ ಒರಿಜಿನ್ ಇನ್ನೊಂದೇ ಸಲ ಓಡ್ಸಿ, ಯಾವ ವೇರಿಯಬಲ್ ಸಹಾಯನೂ ಇಲ್ದೆ ಬ್ರಾಂಚ್ ಪಟ್ಟಿ ಬಂದ್ರೆ ಪುಷ್ ಕೊಡಿ.